ಲಿಂಕೆ ಉತ್ತ ಮೈದಾನ

ಆಲ್ವಿನ್ ಲಿಂಕೆ ಕುಲ್ಡಿನ್ನದ ಫುಟ್‌ಬಾಲ್ ಮೈದಾನವನ್ನು ಉತ್ತುಹಾಕಿದ ಸುದ್ದಿ ಮಿಂಟಾರಿ ತಲುಪುವ ಹೊತ್ತಿಗೆ ಅವನು ಅಲ್ಲಿ ಬಾರ್ಲಿಯನ್ನೂ ಬಿತ್ತಿ ಮುಗಿಸಿದ್ದ. ಮಿಂಟಾರಿಯ ಪಬ್ಬಿನಲ್ಲಿ ಕೂತವರು ಮೊದಲು ನಕ್ಕರಂತೆ. ‘ಮುದುಕನಿಗೆ ತಲೆ ಕೆಟ್ಟಿದೆ’ ಅಂದರಂತೆ. ಆಮೇಲೆ ಇಬ್ಬರು ಪಿಕಪ್ ಹತ್ತಿ ಬಂದು, ಬೇಲಿಯಾಚೆ ನಿಂತು, ಕೆಂಪಗೆ ತಿರುವಿದ ಮಣ್ಣನ್ನು ನೋಡಿ ಹೋದರು. ಅವರು ಹೋಗಿ ಹೇಳಿದ ಮೇಲೆ ಯಾರೂ ನಗಲಿಲ್ಲ.

ನಾನು ಮೊದಲಿಗೂ ನಕ್ಕಿರಲಿಲ್ಲ. ನನ್ನ ಮನೆ ಇರುವುದೇ ಮೈದಾನದ ಎದುರಿಗೆ, ಹಳಿಯ ಈಚೆ ಬದಿಗೆ. ಅದು ರೈಲ್ವೆ ಗ್ಯಾಂಗ್‌ಮನ್ನಿನ ಮನೆ. ನಾನು ಸಮುದ್ರದಾಚೆಯ ಡಾಲ್ಮೇಷಿಯಾದಿಂದ ಬಂದವನು. ನನ್ನ ಹೆಸರು ಸ್ಟೀಪೆ, ಇಲ್ಲಿನವರ ನಾಲಗೆಯಲ್ಲಿ ಸ್ಟೀವ್. ಹಳಿ ರಿಪೇರಿಯ ಗ್ಯಾಂಗಿನಲ್ಲಿ ಸುತ್ತಿಗೆ ಹಿಡಿದು ಇಲ್ಲಿಗೆ ಬಂದೆ. ರೈಲ್ವೆಯವರು ಗ್ಯಾಂಗನ್ನು ಎತ್ತಿಬಿಟ್ಟಾಗ ಜೊತೆಯವರೆಲ್ಲ ಬಂದರಿನ ಕಡೆಗೋ ಅಡಿಲೇಡಿಗೋ ಹೋದರು. ನಾನು ಹೋಗಲಿಲ್ಲ. ಕುರಿ ತುಪ್ಪಟ ಕತ್ತರಿಸುವಲ್ಲಿ, ಬೇಲಿ ಕಟ್ಟುವಲ್ಲಿ, ಕೊಯ್ಲಿನಲ್ಲಿ ಕೆಲಸ ಸಿಗುತ್ತಿತ್ತು. ಚಳಿಗಾಲದ ಶನಿವಾರಗಳಲ್ಲಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸ ನನ್ನದು. ಯಾರೂ ನನಗೆ ಅದನ್ನು ವಹಿಸಿರಲಿಲ್ಲ. ಒಂದು ವಾರ ಎಳೆದೆ, ಮುಂದಿನ ವಾರ ಎಲ್ಲರೂ ಅದು ನನ್ನದೇ ಕೆಲಸ ಅಂದುಕೊಂಡರು.

ಈ ಹಳಿಯ ಉದ್ದಕ್ಕೂ ಊರುಗಳು ಹುಟ್ಟಿದ್ದು ಕುದುರೆಗಳ ಲೆಕ್ಕದಲ್ಲಿ. ಗೋಧಿ ತುಂಬಿದ ಗಾಡಿಯನ್ನು ಕುದುರೆ ಎಳೆದುಕೊಂಡು ಬಂದು, ಇಳಿಸಿ, ಕತ್ತಲಾಗುವ ಮೊದಲು ಮನೆ ಸೇರುವಷ್ಟು ದೂರಕ್ಕೊಂದು ರೈಲು ನಿಲ್ಲುವ ಜಾಗ. ಅಂಥ ಒಂದೊಂದು ಜಾಗಕ್ಕೂ ಒಂದು ತಗಡಿನ ಸಭಾಭವನ, ಒಂದು ಚರ್ಚು, ಒಂದು ನೀರಿನ ತೊಟ್ಟಿ, ಒಂದು ಫುಟ್‌ಬಾಲ್ ತಂಡ. ಕುಲ್ಡಿನ್ನ ಮತ್ತು ಮಿಂಟಾರಿ ಹಳಿಯ ಮೇಲೆ ಅಕ್ಕಪಕ್ಕದವು. ನಡುವೆ ಗೋಧಿ ಹೊಲ, ಮ್ಯಾಲಿ ಗಿಡದ ಕುರುಚಲು, ಮತ್ತು ಮೂರು ತಲೆಮಾರಿನ ಜಿದ್ದು. ಮಿಂಟಾರಿಯವರಿಗೆ ಪಬ್ಬಿತ್ತು, ಆಸ್ಪತ್ರೆಯಿತ್ತು. ಕುಲ್ಡಿನ್ನದವರಿಗೆ ಅವೆರಡೂ ಇರಲಿಲ್ಲ, ಆದರೆ ಮೈದಾನವಿತ್ತು. ಹಳಿಯುದ್ದಕ್ಕೂ ಅಂಥ ಹುಲ್ಲು ಇನ್ನೊಂದಿರಲಿಲ್ಲ.

ಆ ನೆಲ ಲಿಂಕೆಯವರದು. ಆಲ್ವಿನ್‌ನ ಅಪ್ಪ ಮ್ಯಾಲಿ ಗಿಡಗಳನ್ನು ಸರಪಳಿ ಹಾಕಿ ಎಳೆಸಿ, ಬೇರು ಕಿತ್ತು, ಹದ ಮಾಡಿ, ‘ಆಡ್ಕೊಳ್ಳಿ’ ಅಂದಿದ್ದನಂತೆ. ಅಷ್ಟೇ ಮಾತು. ಕಾಗದ ಪತ್ರ ಯಾರೂ ಕೇಳಲಿಲ್ಲ.

ಆಲ್ವಿನ್ ಹೆಚ್ಚು ಮಾತಿನವನಲ್ಲ. ಎತ್ತರದ ಆಳು, ಸದಾ ಒಂದೇ ಹಳೆಯ ಟೋಪಿ. ಹೆಂಡತಿ ಡಲ್ಸಿ ಮಿಂಟಾರಿಯವಳು. ಮದುವೆಯಾಗಿ ಬಂದ ಮೊದಲ ಚಳಿಗಾಲ ಪಂದ್ಯದ ದಿನ ಮಾಂಸದ ಪೈ ಬೇಯಿಸುವ ಫುಟ್‌ಬಾಲ್ ಕ್ಲಬ್ಬಿನ ಅಡುಗೆಮನೆಯಲ್ಲಿ ಅವಳಿಗೆ ತಟ್ಟೆ ತೊಳೆಯುವ ಕೆಲಸ ಮಾತ್ರ ಕೊಟ್ಟಿದ್ದರಂತೆ. ‘ಮಿಂಟಾರಿಯೋಳ ಕೈಲಿ ಪೈ ಮಾಡ್ಸಿದ್ರೆ ನಮ್ ಹುಡುಗ್ರು ಗೋಲ್ ಹೊಡೆಯಲ್ಲ’ ಎಂದು ಅತ್ತೆಯೇ ಅಂದಿದ್ದಳಂತೆ. ಡಲ್ಸಿ ಅದನ್ನು ನಗುತ್ತಾ ಹೇಳುತ್ತಿದ್ದಳು. ನಾನು ಬರುವಷ್ಟರಲ್ಲಿ ಆ ಅಡುಗೆಮನೆಯ ಯಜಮಾನಿ ಅವಳೇ ಆಗಿದ್ದಳು.

ಅವರಿಗೆ ಒಬ್ಬನೇ ಮಗ, ಗ್ರಾಂಟ್. ಎಡಗಾಲಿನಲ್ಲಿ ಒದೆಯುತ್ತಿದ್ದ. ಚೆಂಡು ಗಾಳಿಯಲ್ಲಿ ಬಾಗಿ ಕಂಬಗಳ ನಡುವೆ ನುಸುಳುವುದನ್ನು ನೋಡಲು ಮಿಂಟಾರಿಯವರೂ ಬೇಲಿಯ ಹತ್ತಿರ ಬರುತ್ತಿದ್ದರು. ಆಲ್ವಿನ್ ಕಾರನ್ನು ಮೈದಾನಕ್ಕೆ ಮುಖ ಮಾಡಿ ನಿಲ್ಲಿಸಿ, ಒಳಗೇ ಕೂತು ನೋಡುತ್ತಿದ್ದ. ಗೋಲಾದಾಗ ಎಲ್ಲರೂ ಹಾರನ್ ಹೊಡೆಯುತ್ತಿದ್ದರು. ಮಗ ಹೊಡೆದ ಗೋಲಿಗೆ ಮಾತ್ರ ಆಲ್ವಿನ್ ಹೊಡೆಯುತ್ತಿರಲಿಲ್ಲ. ಹೊಗಳಿಕೊಂಡಂತೆ ಆಗುತ್ತದೆ ಎಂದು.

ಒಂದು ಡಿಸೆಂಬರಿನಲ್ಲಿ, ಇಲ್ಲಿ ಅದು ಬೇಸಿಗೆ, ಕೊಯ್ಲು ಜೋರಾಗಿ ನಡೆದಿದ್ದಾಗ, ಗ್ರಾಂಟ್ ಗೋಧಿ ಲಾರಿ ಓಡಿಸಿಕೊಂಡು ಕಣಜದ ಕಡೆ ಬರುತ್ತಿದ್ದ. ಸಂಜೆಯ ಬಿಸಿಲು ನೇರ ಕಣ್ಣಿಗೆ, ಮುಂದೆ ಹೋದ ಲಾರಿಯ ಧೂಳು ಇನ್ನೂ ಕೂತಿರಲಿಲ್ಲ. ಹಳಿ ದಾಟುವಲ್ಲಿ ರೈಲು ಬಂತು. ನಾವು ಗ್ಯಾಂಗಿನವರು ಹತ್ತಿರದಲ್ಲೇ ಇದ್ದೆವು, ಓಡಿದೆವು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಗೋಧಿ ಮಾತ್ರ ಇನ್ನೂ ಸುರಿಯುತ್ತಲೇ ಇತ್ತು. ಆಲ್ವಿನ್ ದೂರದ ಹೊಲದಲ್ಲಿ ಕೊಯ್ಲು ಯಂತ್ರದ ಮೇಲಿದ್ದ. ಮಗನ ಲಾರಿಯ ಧೂಳು ಹಳಿಯವರೆಗೆ ಎದ್ದುಕೊಂಡು ಹೋಗಿ ಅಲ್ಲಿಗೇ ನಿಂತದ್ದನ್ನು ಕಂಡನಂತೆ. ಯಂತ್ರ ನಿಲ್ಲಿಸಿ ನಡೆದುಕೊಂಡು ಬಂದ. ಓಡಲಿಲ್ಲ. ‘ಅಲ್ಲೇ ಗೊತ್ತಾಗಿತ್ತು’ ಎಂದು ಎಷ್ಟೋ ವರ್ಷಗಳ ಮೇಲೆ ನನ್ನೊಡನೆ ಒಮ್ಮೆ ಅಂದ.

ಮುಂದಿನ ಚಳಿಗಾಲ ಕ್ಲಬ್ಬಿನವರು ಮೈದಾನಕ್ಕೆ ಗ್ರಾಂಟನ ಹೆಸರಿಟ್ಟರು. ಹಳಿಯ ಕೆಳಗೆ ಹಾಸುವ ಹಳೆಯ ಸ್ಲೀಪರ್ ಮರದಲ್ಲಿ ನಾನೇ ಬೋರ್ಡು ಮಾಡಿದೆ. ಅಕ್ಷರ ಬರೆದವನು ಡೀನ್ ಟ್ರೆಲೋರ್, ಗ್ರಾಂಟನ ಜೀವದ ಗೆಳೆಯ. ಬಿಳಿ ಬಣ್ಣದಲ್ಲಿ ‘ಗ್ರಾಂಟ್ ಲಿಂಕೆ ಮೈದಾನ’ ಎಂದು ಬರೆಯುತ್ತಾ ಬರೆಯುತ್ತಾ ಆ ಹುಡುಗ ಅತ್ತದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಮುಂದೆ ಅವನನ್ನು ಬರಿಯ ಕೇಡಿಗ ಎಂದು ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಡಲ್ಸಿ ದಿನಾ ಸಂಜೆ ಬಂದು ಮೈದಾನದ ಅಂಚಿಗೆ ಒಂದು ಸುತ್ತು ನಡೆದು ಹೋಗುತ್ತಿದ್ದಳು. ಗೋರಿ ಇದ್ದದ್ದು ಚರ್ಚಿನ ಹಿಂದೆ. ಅಲ್ಲಿಗೆ ಅವಳು ಹೋಗುತ್ತಿದ್ದದ್ದು ಈಸ್ಟರಿಗೆ, ಕ್ರಿಸ್‌ಮಸ್ಸಿಗೆ ಮಾತ್ರ. ‘ಅಲ್ಲಿ ಮಲಗಿದಾನೆ. ಇಲ್ಲಿ ಓಡಾಡ್ತಿದ್ದ’ ಅಂದಿದ್ದಳು.

ಊರು ಸಾಯುವುದು ಒಂದೇ ದಿನ ಅಲ್ಲ. ಮೊದಲು ಶಾಲೆ ಮುಚ್ಚಿತು. ಆಮೇಲೆ ಅಂಗಡಿ. ಆಮೇಲೆ ಕಣಜದ ಕಂಪನಿಯವರು ಬಂದು, ಇನ್ನು ರೈಲು ಒಂದೊಂದು ಊರಿಗೂ ನಿಲ್ಲುವುದು ದಂಡ, ಗೋಧಿಯನ್ನೆಲ್ಲ ಮಿಂಟಾರಿಗೆ ತನ್ನಿ ಅಂದರು. ನಮ್ಮ ಕಾಂಕ್ರೀಟ್ ಕಣಜ ಖಾಲಿ ನಿಂತಿತು. ಒಳಗೆ ಪಾರಿವಾಳ ಸೇರಿಕೊಂಡವು. ರೈಲು ನಮ್ಮ ಮುಂದೆಯೇ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅಕ್ಕಪಕ್ಕದ ಹೊಲಗಳನ್ನು ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಕೊಳ್ಳುತ್ತಿದ್ದರು. ಐದು ಮನೆಯ ನೆಲ ಒಂದು ಮನೆಯದಾಯಿತು. ಹೆಚ್ಚು ಕೊಂಡವನು ಡೀನ್ ಟ್ರೆಲೋರ್. ದುಡಿಯುವವನು, ಲೆಕ್ಕ ಬಲ್ಲವನು. ಊರಿನಲ್ಲಿ ಜನವೇ ಇಲ್ಲದಾಗ ಕ್ಲಬ್ಬಿನ ಅಧ್ಯಕ್ಷನೂ ಅವನೇ ಆದ.

ನಮ್ಮ ಫುಟ್‌ಬಾಲೇ ಬೇರೆ, ಮೊಟ್ಟೆಯಾಕಾರದ ಮೈದಾನ, ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಒಂದು ತಂಡಕ್ಕೆ ಹದಿನೆಂಟು ಜನ ಬೇಕು. ಕೊನೆಯ ವರ್ಷ ಅಷ್ಟು ಜನ ಹೊಂದಿಸಲು ಐವತ್ತು ದಾಟಿದವರನ್ನೂ ಅಂಗಿ ತೊಡಿಸಿ ನಿಲ್ಲಿಸಿದರು. ಕಡೆಗೆ ಮಿಂಟಾರಿಯೊಂದಿಗೆ ಒಂದಾಗುವ ಮಾತು ಬಂತು. ಕುಲ್ಡಿನ್ನದ ಸಭಾಭವನದಲ್ಲಿ ಎರಡೂ ಊರಿನವರು ಸೇರಿದರು. ಆ ಭವನ ತುಂಬಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮಿಂಟಾರಿಯ ಅಧ್ಯಕ್ಷ ಎದ್ದು ನಿಂತು, ‘ನಿಮ್ಮನ್ನ ನುಂಗೋಕೆ ಬಂದಿಲ್ಲ ನಾವು. ನಮಗೂ ಆಟಗಾರರು ಸಾಲ್ತಿಲ್ಲ’ ಅಂದ.

‘ನುಂಗಿದ್ರೆ ಅರಗಲ್ಲ ಬಿಡು’ ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಆಲ್ವಿನ್ ಎದ್ದ. ಅದಕ್ಕೆ ಮೊದಲು ಯಾವ ಸಭೆಯಲ್ಲೂ ಅವನು ಮಾತಾಡಿದ್ದು ನನಗೆ ನೆನಪಿರಲಿಲ್ಲ. ‘ಮೈದಾನ?’ ಅಂದ.

‘ಅರ್ಧ ಆಟ ಇಲ್ಲಿ, ಅರ್ಧ ಅಲ್ಲಿ’ ಎಂದ ಡೀನ್. ‘ಹೆಸರೂ ಹಾಗೇ ಇರುತ್ತೆ, ಆಲ್ವಿನ್. ಅದು ನನ್ನ ಮಾತು. ನೀವು ಯೋಚ್ನೆ ಮಾಡ್ಬೇಡಿ.’

ಆಲ್ವಿನ್ ತಲೆಯಾಡಿಸಿ ಕೂತ. ಪಕ್ಕದಲ್ಲಿದ್ದ ಡಲ್ಸಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಇಬ್ಬರೂ ಕೈ ಎತ್ತಿ ಒಪ್ಪಿಗೆ ಕೊಟ್ಟರು. ಮಾತಿನ ಮೇಲೆ ಕೊಟ್ಟ ನೆಲ, ಮಾತಿನ ಮೇಲೆ ಉಳಿಯುತ್ತದೆ ಎಂದು ಅವನಿಗೆ ನಂಬಿಕೆ.

ಮೊದಲ ವರ್ಷ ಅರ್ಧದಷ್ಟು ಪಂದ್ಯಗಳು ಇಲ್ಲೇ ನಡೆದವು. ಎರಡನೆಯ ವರ್ಷ ಇಲ್ಲಿ ನಡೆದದ್ದು ಎರಡೇ. ಅಲ್ಲಿ ವಿದ್ಯುತ್ ದೀಪವಿದೆ, ಇಲ್ಲಿಲ್ಲ. ಅಲ್ಲಿ ನೆಟ್‌ಬಾಲ್ ಆಡುವ ಹೆಂಗಸರಿಗೆ ಬಟ್ಟೆ ಬದಲಿಸಲು ಕೋಣೆಯಿದೆ, ಇಲ್ಲಿ ತಗಡಿನ ಮರೆ. ಅಲ್ಲಿ ಆಂಬುಲೆನ್ಸ್ ಹತ್ತಿರ. ಒಂದೊಂದು ಕಾರಣವೂ ನಿಜವೇ. ಯಾವುದಕ್ಕೂ ಇಲ್ಲ ಅನ್ನುವ ಹಾಗಿರಲಿಲ್ಲ.

ಮೂರನೆಯ ವರ್ಷದ ಮಾರ್ಚಿನಲ್ಲಿ ಆಲ್ವಿನ್ ಪತ್ರಿಕೆ ಹಿಡಿದು ನನ್ನ ಮನೆಗೆ ಬಂದ. ಆ ವರ್ಷದ ಪಂದ್ಯಗಳನ್ನು ಅಚ್ಚು ಹಾಕಿದ್ದರು. ಕುಲ್ಡಿನ್ನದಲ್ಲಿ ಒಂದೂ ಇರಲಿಲ್ಲ.

‘ಇದ್ಯಾವಾಗ ಆಯ್ತು ಸ್ಟೀವ್?’

ನನಗೂ ಗೊತ್ತಿರಲಿಲ್ಲ. ವಿಚಾರಿಸಿದರೆ, ಕೊಯ್ಲಿನ ನಡುವೆ ಮಿಂಟಾರಿಯಲ್ಲಿ ಸಭೆ ಮಾಡಿದ್ದರಂತೆ. ಕೊಯ್ಲಿನಲ್ಲಿ ಯಾವ ರೈತ ಸಭೆಗೆ ಹೋಗುತ್ತಾನೆ. ಅದರಲ್ಲೂ ಡಿಸೆಂಬರಿನಲ್ಲಿ ಆಲ್ವಿನ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

‘ಬಾ’ ಎಂದ. ಅವನ ಕಾರಿನಲ್ಲಿ ಡೀನನ ಮನೆಗೆ ಹೋದೆವು. ಡೀನ್ ಶೆಡ್ಡಿನಲ್ಲಿ ಬಿತ್ತನೆ ಯಂತ್ರದ ಕೆಳಗೆ ಮಲಗಿದ್ದ. ನಮ್ಮನ್ನು ಕಂಡು ಎದ್ದು ಕೈ ಒರೆಸಿಕೊಂಡ. ಯಾಕೆ ಬಂದೆವೆಂದು ಕೇಳಲಿಲ್ಲ.

‘ನೀನೂ ಕೈ ಎತ್ತಿದ್ಯಾ?’ ಎಂದ ಆಲ್ವಿನ್.

‘ಎತ್ತಿದೆ.’

‘ನನಗೊಂದು ಮಾತು ಹೇಳ್ಬೋದಿತ್ತು.’

‘ಹೇಳಿದ್ರೆ ನೀವು ಬೇಡ ಅಂತಿದ್ರಿ. ಆಮೇಲೆ ನಾನು ನಿಮ್ಮೆದುರಿಗೇ ಕೈ ಎತ್ಬೇಕಿತ್ತು. ನನ್ಕೈಲಿ ಆಗ್ಲಿಲ್ಲ.’

‘ಅದಕ್ಕೆ ಬೆನ್ನ ಹಿಂದೆ ಎತ್ತಿದೆ.’

ಡೀನ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. ‘ನನಗೆ ಇಬ್ರು ಮಕ್ಳಿದಾರೆ, ಆಲ್ವಿನ್. ಅವ್ರು ಆಡ್ಬೇಕು. ಮಿಂಟಾರಿಯೋರು ಒಂದೇ ಮಾತು ಹೇಳಿದ್ರು, ಒಂದು ಮೈದಾನ, ಇಲ್ಲಾಂದ್ರೆ ನೀವೇ ಬೇರೆ ದಾರಿ ನೋಡ್ಕೊಳ್ಳಿ ಅಂತ. ಬೇರೆ ದಾರಿ ಎಲ್ಲಿದೆ? ಸತ್ತೋನ ಹೆಸರು ಹಿಡ್ಕೊಂಡು ಕೂತ್ರೆ ಹದಿನೆಂಟು ಜನ ಹುಟ್ಕೊಂಡ್ ಬರ್ತಾರಾ?’

ಮಾತು ಅವನ ಬಾಯಿಂದ ಜಾರಿತ್ತು. ಅಂದ ಕೂಡಲೇ ಅವನ ಮುಖ ಕಪ್ಪಿಟ್ಟಿತು. ‘ಹಾಗಲ್ಲ ನಾನು ಹೇಳಿದ್ದು. ಅವನ ಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು’ ಅಂದ.

‘ಕೊಟ್ಟೆ’ ಎಂದ ಆಲ್ವಿನ್. ‘ನೆನಪಿದೆ ನನಗೆ.’

ವಾಪಸು ಬರುವಾಗಲೂ ಕಾರು ಓಡಿಸಿದವನು ಅವನೇ. ಹಳಿ ದಾಟುವಲ್ಲಿ ಎಂದಿನಂತೆ ಕಾರು ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ದಾಟಿದ.

ಏಪ್ರಿಲಿನಲ್ಲಿ ಮಿಂಟಾರಿಯಿಂದ ಲಾರಿ ಬಂತು. ಗೋಲಿನ ಕಂಬ, ಸ್ಕೋರಿನ ಹಲಗೆ, ಅಡುಗೆಮನೆಯ ದೊಡ್ಡ ಓವನ್ನು, ಎಲ್ಲ ಕ್ಲಬ್ಬಿನ ಸ್ವತ್ತು, ಕ್ಲಬ್ಬು ಈಗ ಒಂದೇ. ಡೀನ್ ಬಂದಿರಲಿಲ್ಲ, ನಾಲ್ಕು ಜನ ಯುವಕರನ್ನು ಕಳಿಸಿದ್ದ. ಒಳ್ಳೆಯ ಹುಡುಗರೇ. ಬಿಸಿಲು ಇನ್ನೂ ಚುರುಗುಡುತ್ತಿತ್ತು. ಕಂಬದ ಬುಡವನ್ನು ಅಗೆದು ಅಗೆದು ಸುಸ್ತಾದರು. ಆಲ್ವಿನ್ ಮೈದಾನಕ್ಕೆ ತಾಗಿದ ತನ್ನ ಮನೆಯಂಗಳದ ಬೇಲಿಗೆ ಒರಗಿ ನೋಡುತ್ತಾ ನಿಂತಿದ್ದ. ಆಗ ಡಲ್ಸಿ ಮನೆಯಿಂದ ಟೀ ಕೆಟಲು, ಬಟ್ಟೆ ಮುಚ್ಚಿದ, ಬನ್ನಿನಂಥ ಸ್ಕೋನುಗಳ ತಟ್ಟೆ ಹಿಡಿದುಕೊಂಡು ಬಂದಳು. ಗಂಡನ ಪಕ್ಕದಿಂದಲೇ ಹಾದು ಹೋದಳು. ಹುಡುಗರು ಟೋಪಿ ತೆಗೆದು ತಿಂದರು.

‘ಬೋರ್ಡನ್ನೂ ತಗೊಂಡು ಹೋಗೋಕೆ ಹೇಳಿದಾರೆ, ಅಲ್ಲಿ ಅಡುಗೆಮನೆ ಗೋಡೆಗೆ ಹಾಕ್ತಾರಂತೆ’ ಎಂದು ಒಬ್ಬ ಅವಳಿಗೆ ಹೇಳಿದ.

ಡಲ್ಸಿ ಗಂಡನ ಕಡೆ ನೋಡಿದಳು. ಆಲ್ವಿನ್ ಬೇಲಿಯಿಂದ ಕೂಗಿ ಹೇಳಲಿಲ್ಲ, ಮೆಲ್ಲಗೆ ನಡೆದು ಬಂದು ಬೋರ್ಡಿಗೆ ಬೆನ್ನು ಕೊಟ್ಟು ನಿಂತ. ಅಷ್ಟೇ. ಹುಡುಗರು ಉಳಿದದ್ದನ್ನೆಲ್ಲ ಲಾರಿಗೆ ಬಿಗಿದುಕೊಂಡು ಹೋದರು. ಕಂಬ ಕಿತ್ತ ಗುಂಡಿಗಳನ್ನು ಮುಚ್ಚಿ ಮಟ್ಟ ಮಾಡಿಯೇ ಹೋದರು.

ಮೇ ತಿಂಗಳ ಮೊದಲ ಮಳೆ ಬಿದ್ದ ಮಾರನೆಯ ಬೆಳಗ್ಗೆ ಟ್ರಾಕ್ಟರಿನ ಸದ್ದು ತೀರ ಹತ್ತಿರದಲ್ಲಿ ಕೇಳಿತು. ಹೊರಗೆ ಬಂದು ನೋಡಿದರೆ ಆಲ್ವಿನ್ ಬೇಲಿಯ ಒಂದು ಬದಿ ಕಿತ್ತು, ನೇಗಿಲು ಇಳಿಸಿ, ಮೈದಾನದ ನಡುವೆಯೇ ಹೊಡೆಯುತ್ತಿದ್ದ. ನಾನು ವರ್ಷಗಟ್ಟಲೆ ಸುಣ್ಣ ಹಾಕಿದ ಗೆರೆಗಳ ಕೆಳಗಿನ ಮಣ್ಣು ಕೆಂಪಗೆ ಮೇಲಕ್ಕೆ ಬರುತ್ತಿತ್ತು. ಅದೇ ಹೊತ್ತಿಗೆ ಬಂದರಿನ ಕಡೆ ಹೋಗುವ ಗೋಧಿ ರೈಲು ಬಂತು. ಡ್ರೈವರು ಪರಿಚಯದವನು, ಏನು ನಡೆಯುತ್ತಿದೆ ಎಂದು ತಿಳಿಯದೆ ರೂಢಿಯಂತೆ ಸೀಟಿ ಹೊಡೆದ. ಆಲ್ವಿನ್ ಕೈ ಎತ್ತಲಿಲ್ಲ.

ನಾನು ಹಳಿ ದಾಟಿ ಬೇಲಿಯವರೆಗೆ ಹೋದೆ. ಅಲ್ಲೇ ತಂತಿ ಹಿಡಿದು ನಿಂತೆ. ಅಷ್ಟರಲ್ಲಿ ಡಲ್ಸಿ ಮನೆಯಿಂದ ಬರುತ್ತಿದ್ದಳು. ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿಯಲ್ಲೇ ಉತ್ತ ಹೆಂಟೆಗಳ ಮೇಲೆ ಎಡವುತ್ತಾ ಬಂದು ಟ್ರಾಕ್ಟರಿನ ಎದುರಿಗೆ ನಿಂತಳು. ಅವನು ಎಂಜಿನ್ ಆರಿಸಿದ.

‘ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿನಗೆ?’

‘ನಮ್ಮಪ್ಪನ ನೆಲ.’

‘ಸರಿ. ನೆಲ ನಿಮ್ಮಪ್ಪಂದು. ಗ್ರಾಂಟ್ ನಿನಗೊಬ್ಬನಿಗೇ ಮಗನಾ?’

ಆಲ್ವಿನ್ ಮುಂದೆ ನೋಡುತ್ತಾ ಅಂದ, ‘ಅವ್ರು ಕಂಬ ಕೀಳೋಕೆ ಬಂದಾಗ ನೀನು ಟೀ ಕೊಟ್ಟೆ.’

‘ಕೊಟ್ಟೆ. ಬಿಸಿಲಲ್ಲಿ ಕೆಲಸ ಮಾಡ್ತಿದ್ರು, ಕೊಟ್ಟೆ. ನಾನು ದಿನಾ ಇಲ್ಲಿ ನಡೀತೀನಿ ಅನ್ನೋದು ನಿನಗೆ ಗೊತ್ತಿರ್ಲಿಲ್ವಾ?’

‘ಆಡೋಕೆ ಅಂತ ಕೊಟ್ಟಿದ್ದು. ಆಡಲ್ಲ ಅಂದ್ಮೇಲೆ ಹೊಲ.’

‘ನಿನ್ನ ಸಿಟ್ಟು ಡೀನ್ ಮೇಲೆ. ಉತ್ತಿದ್ದು ನನ್ನ’ ಅಂದಳು ಡಲ್ಸಿ.

ಅವಳು ಪಕ್ಕಕ್ಕೆ ಸರಿದಳು. ಅವನು ಮತ್ತೆ ಎಂಜಿನ್ ಹೊತ್ತಿಸಿದ. ಸರಿಯಬಾರದಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದದ್ದುಂಟು. ಸರಿಯದೆ ನಿಂತಿದ್ದರೆ ಅವನು ನಿಲ್ಲಿಸುತ್ತಿದ್ದನೇ ಎಂದು ನನ್ನನ್ನೇ ಕೇಳುತ್ತಿದ್ದಳು. ನನಗೇನು ಗೊತ್ತು.

ಬೋರ್ಡಿನ ಬುಡದವರೆಗೂ ಉತ್ತು, ಅದನ್ನು ಸುತ್ತಿ ಬಿತ್ತಿದ.

ಅದರ ಮುಂದಿನ ಶನಿವಾರ ಡಲ್ಸಿ ಏಪ್ರನ್ ಮಡಿಸಿ ಚೀಲಕ್ಕೆ ಹಾಕಿಕೊಂಡು ಕಾರು ಹತ್ತಿ ಮಿಂಟಾರಿಗೆ ಹೋದಳು. ಅಲ್ಲಿನ ಕ್ಲಬ್ಬಿನ ಅಡುಗೆಮನೆಯಲ್ಲಿ ಪೈ ಬಿಸಿ ಮಾಡಿ ಕೊಟ್ಟು ಸಂಜೆಗೆ ಬಂದಳು. ಊರಿನಲ್ಲಿ ಉಳಿದಿದ್ದ ನಾಲ್ಕು ಮನೆಯವರಿಗೂ ಇದು ಅರ್ಥವಾಗಲಿಲ್ಲ. ಗಂಡ ಉಳುವುದು, ಹೆಂಡತಿ ಅವರಿಗೇ ಬಡಿಸುವುದು.

ನಾನು ಕೇಳಿಯೇಬಿಟ್ಟೆ. ‘ಅಲ್ಲ ಡಲ್ಸಿ, ಅಲ್ಲಿಗೆ ಹೇಗೆ ಹೋಗ್ತೀಯ ನೀನು?’

‘ಅವನನ್ನ ಕಂಡೋರು ಅಲ್ಲಿದಾರೆ, ಅದಕ್ಕೆ ಹೋಗ್ತೀನಿ. ಇವತ್ತು ಒಬ್ಬ ಬಂದು, ನಿನ್ನ ಮಗ ನನ್ನ ತಲೆ ಮೇಲೆ ಕಾಲಿಟ್ಟು ಚೆಂಡು ಹಿಡಿದಿದ್ದ ಅಂದ. ಈ ಮನೇಲಿ ಅವನ ಹೆಸರು ಎತ್ತೋರು ಯಾರಿದಾರೆ ಹೇಳು’ ಅಂದಳು.

ಆಲ್ವಿನ್‌ಗೆ ಅದು ಬೇರೆ ರೀತಿ ಕಂಡಿತು. ‘ಎಷ್ಟೇ ಆದ್ರೂ ಮಿಂಟಾರಿಯೋಳು’ ಎಂದು ನನ್ನ ಮುಂದೆ ಅಂದ. ಮದುವೆಯಾಗಿ ನಲವತ್ತು ವರ್ಷ ದಾಟಿದ ಹೆಂಡತಿಯ ಬಗ್ಗೆ ಆಡಿದ ಆ ಮಾತು ಅವಳ ಕಿವಿಗೂ ಬಿತ್ತು. ನಾನು ಹೇಳಲಿಲ್ಲ. ಅವನೇ ಅವಳ ಮುಖಕ್ಕೆ ಅಂದಿರಬೇಕು.

ಬಾರ್ಲಿ ಚೆನ್ನಾಗಿ ಬರಲಿಲ್ಲ. ಅಷ್ಟು ವರ್ಷ ಬೂಟುಗಾಲು ತುಳಿದ ನೆಲ ಒಂದು ಉಳುಮೆಗೆ ಬಿಡುವುದಿಲ್ಲ. ಆಗಸ್ಟಿನಲ್ಲಿ ಸುತ್ತಲಿನ ಹೊಲ ಸೊಂಟದೆತ್ತರ ಹಸಿರಾಗಿದ್ದಾಗ ಅದರ ನಡುವೆ ಮೊಟ್ಟೆಯಾಕಾರದ ಬೋಳು ಹಳದಿ, ಅಂಚಿಗೆ ಬೋರ್ಡು. ರಸ್ತೆಯಲ್ಲಿ ಹೋಗುವವರಿಗೆ ಮೈದಾನ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಜನ ಕಾರು ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಆಲ್ವಿನ್ ಮುಂದಿನ ವರ್ಷವೂ ಬಿತ್ತಿದ, ಅದರ ಮುಂದಿನ ವರ್ಷವೂ ಬಿತ್ತಿದ. ಕೊಯ್ದದ್ದು ಕುರಿಗಳಿಗೂ ಸಾಲುತ್ತಿರಲಿಲ್ಲ. ನಾನು ಒಮ್ಮೆ, ‘ಸಾಕು ಮಾಡೋ ಮಾರಾಯ’ ಅಂದೆ. ‘ನಿನಗೆ ಗೆರೆ ಎಳೆಯೋ ಕೆಲಸ ಹೋಯ್ತು ಅಂತ ಸಂಕಟಾನಾ?’ ಎಂದು ಕೇಳಿದ. ಅದಾದ ಮೇಲೆ ಸ್ವಲ್ಪ ಕಾಲ ನಾನು ಅವನ ಮನೆಯ ಕಡೆ ಹೋಗಲಿಲ್ಲ.

ಅವನು ಮೂರನೆಯ ಸಲ ಬಿತ್ತಿದ ವರ್ಷ, ಈಗ ಎಲ್ಲರೂ ಮಿಂಟಾರಿ ಎಂದೇ ಕರೆಯುತ್ತಿದ್ದ ಒಂದಾದ ತಂಡ ಫೈನಲ್ ಗೆದ್ದಿತು. ಡೀನ್ ತನ್ನ ಕೈಯಿಂದಲೇ ದುಡ್ಡು ಹಾಕಿ ಮಾಡಿಸಿ ‘ಗ್ರಾಂಟ್ ಲಿಂಕೆ ಪದಕ’ ಎಂದೊಂದು ಇಟ್ಟಿದ್ದ, ಪಂದ್ಯದ ಉತ್ತಮ ಆಟಗಾರನಿಗೆ. ಕೊಡುವುದಕ್ಕೆ ಡಲ್ಸಿಯನ್ನು ಕರೆದ. ಆಲ್ವಿನ್‌ಗೂ ಹೇಳಿ ಕಳಿಸಿದ್ದ. ಅವನು ಹೋಗಲಿಲ್ಲ. ಡಲ್ಸಿ ನೀಲಿ ಕೋಟು ತೊಟ್ಟುಕೊಂಡಿದ್ದಳು. ನಾನೇ ಕಾರು ಓಡಿಸಿದೆ. ಪದಕ ಬಂದದ್ದು ಎಲ್ಲಿಂದಲೋ ಆ ವರ್ಷಕ್ಕೆಂದು ಕರೆಸಿಕೊಂಡ ಒಬ್ಬ ಯುವಕನಿಗೆ. ಡಲ್ಸಿ ಅವನ ಕೊರಳಿಗೆ ಹಾಕಿದಳು. ಅವನು ಬಾಗಿ, ಅವಳ ಕಿವಿಯ ಹತ್ತಿರ ಏನೋ ಕೇಳಿದ. ಅವಳು ಏನೋ ಹೇಳಿದಳು.

ಬರುವಾಗ ಅರ್ಧ ದಾರಿಯಲ್ಲಿ ಅವಳು ಕೋಟಿನ ಗುಂಡಿ ಬಿಚ್ಚಿದಳು. ಆಮೇಲೆ, ‘ಗ್ರಾಂಟ್ ಲಿಂಕೆ ಯಾರು ಅಂತ ಕೇಳಿದ’ ಅಂದಳು.

‘ಏನಂದೆ?’

‘ಎಡಗಾಲಲ್ಲಿ ಒದೀತಿದ್ದ ಒಬ್ಬ ಹುಡುಗ ಅಂದೆ. ಓ ಹೌದಾ ಅಂದು, ಬಿಯರ್ ಕುಡಿಯೋಕೆ ಹೋದ.’

ಕಾರು ಮನೆಯ ಮುಂದೆ ನಿಂತಿತು. ಅಡುಗೆಮನೆಯ ದೀಪ ಹಚ್ಚಿರಲಿಲ್ಲ. ಡಲ್ಸಿ ಇಳಿಯದೆ ಕೂತಳು. ‘ಅವನು ಬಂದಿದ್ರೆ, ಆ ಮಾತು ಕೇಳಿಸ್ಕೊಂಡಿದ್ರೆ, ಇಬ್ರೂ ಸೇರಿ ಬೈಕೊಂಡಾದ್ರೂ ಬರ್ತಿದ್ವಿ. ನಾನೊಬ್ಬಳೇ ಕೇಳಿಸ್ಕೊಂಡೆ’ ಅಂದಳು.

ಆ ಬೇಸಿಗೆಯಲ್ಲಿ ಅವಳು ಮಿಂಟಾರಿಯಲ್ಲಿ, ಆಸ್ಪತ್ರೆಯ ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ಮನೆ ಹಿಡಿದು ಹೋದಳು. ಜಗಳವಾಡಿ ಹೋಗಲಿಲ್ಲ. ಆಲ್ವಿನ್‌ಗೆ ಫ್ರೀಜರಿನ ತುಂಬ ಊಟ ಮಾಡಿಟ್ಟು ಹೋದಳು. ಅವನೇ ಅವಳ ಹಾಸಿಗೆಯನ್ನು ಪಿಕಪ್ಪಿಗೆ ಹತ್ತಿಸಿ, ಹಗ್ಗ ಬಿಗಿದು, ಅಲ್ಲಿಯವರೆಗೆ ಬಿಟ್ಟು ಬಂದ. ಇಬ್ಬರೂ ದಾರಿಯಲ್ಲಿ ಮಳೆಯ ವಿಷಯ ಮಾತಾಡಿದರಂತೆ.

ಆಲ್ವಿನ್‌ಗೆ ಆಮೇಲೆ ಕೈ ಸ್ವಾಧೀನ ತಪ್ಪಿತು. ಸಣ್ಣ ಲಕ್ವ. ಹೊಲ ಮಾರಲೇಬೇಕಾಯಿತು. ಈ ಹಳಿಯ ಉದ್ದಕ್ಕೂ ಅಷ್ಟು ನೆಲ ಕೊಳ್ಳುವವನು ಒಬ್ಬನೇ ಉಳಿದಿದ್ದ. ಡೀನ್ ಚೌಕಾಸಿ ಮಾಡಲಿಲ್ಲ ಎಂಬುದನ್ನು ಹೇಳಬೇಕು. ಆಲ್ವಿನ್ ಅವನ ಮುಖ ನೋಡಲಿಲ್ಲ. ವಕೀಲನ ಕೈಯಲ್ಲೇ ಎಲ್ಲ ಮುಗಿಸಿದ.

ಡೀನ್ ಮುಂದಿನ ಬೇಸಿಗೆಯಲ್ಲಿ ನೆಲವನ್ನು ಆಳವಾಗಿ ಸೀಳುವ ದೊಡ್ಡ ಯಂತ್ರ ತಂದ. ಬೇಲಿಗಳನ್ನೆಲ್ಲ ಕಿತ್ತು ಮೈದಾನವನ್ನೂ ಸುತ್ತಲಿನ ಹೊಲವನ್ನೂ ಒಂದು ಮಾಡಿದ. ಬೋರ್ಡನ್ನು ಕಿತ್ತು ಪಿಕಪ್ಪಿನಲ್ಲಿ ಹಾಕಿಕೊಂಡು ನನ್ನ ಮನೆಗೆ ಬಂದ.

‘ಇದನ್ನ ಏನು ಮಾಡ್ಲಿ ಸ್ಟೀವ್? ಎಸೆಯೋಕೆ ಮನಸ್ಸಾಗಲ್ಲ.’

‘ಕ್ಲಬ್ಬಿನ ಗೋಡೆಗೆ ಹಾಕ್ತೀವಿ ಅಂದಿದ್ರಲ್ಲ.’

‘ಅಲ್ಲೀಗ ಟೀವಿ ಇದೆ’ ಅಂದ. ನಾಚಿಕೆಯಿಂದಲೇ ಅಂದ.

ಶೆಡ್ಡಿನಲ್ಲಿಡು ಅಂದೆ. ಇಟ್ಟು ಹೋದ. ಆ ವರ್ಷ ಅಲ್ಲಿ ಗೋಧಿ ಭರ್ತಿ ಬಂತು. ಮಿಂಟಾರಿಯಿಂದ ಯಾರೂ ಬಂದು ನೋಡಲಿಲ್ಲ, ಯಾರೂ ಕಾರು ನಿಧಾನ ಮಾಡಲಿಲ್ಲ. ಆಲ್ವಿನ್ ಉತ್ತಾಗ ಅದು ಹುಚ್ಚಾಗಿತ್ತು. ಡೀನ್ ಉತ್ತದ್ದು ಬರೀ ಬೇಸಾಯ.

ಆಲ್ವಿನ್ ಈಗ ಮಿಂಟಾರಿ ಆಸ್ಪತ್ರೆಗೆ ಅಂಟಿಕೊಂಡಿರುವ ಮುದುಕರ ವಾರ್ಡಿನಲ್ಲಿದ್ದಾನೆ. ಇನ್ನೆಲ್ಲಿ ಹೋಗುತ್ತಾನೆ, ಇರುವುದು ಅದೊಂದೇ. ಮಾತು ಹೊರಡುತ್ತದೆ, ಆದರೆ ಆಡುವುದಿಲ್ಲ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಡಲ್ಸಿ ಭಾನುವಾರ ಚರ್ಚು ಬಿಟ್ಟ ಮೇಲೆ ಹೋಗುತ್ತಾಳೆ. ಕಳೆದ ಸಲ ನಾನು ಹೋದಾಗ ಅವಳೂ ಇದ್ದಳು. ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು, ಅವನ ಸ್ವಾಧೀನವಿಲ್ಲದೆ ಮುಷ್ಟಿಗಟ್ಟಿದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ಅವನು ಗೋಡೆಯ ಕಡೆ ನೋಡುತ್ತಿದ್ದ.

ಹೊರಗೆ ಬಂದ ಮೇಲೆ ನಾನು ಅಂದೆ, ‘ಕಡೆಗೂ ಮನಸ್ಸು ಕರಗ್ತು ನಿಂದು.’

‘ಕರಗೋದು ಎಲ್ಲಿ ಬಂತು’ ಎಂದಳು ಡಲ್ಸಿ. ಕೈಚೀಲದಲ್ಲಿ ಕಾರಿನ ಕೀ ಹುಡುಕುತ್ತಿದ್ದಳು. ‘ಈ ನರ್ಸುಗಳು ಉಗುರು ಬೆಳೆದು ಅಂಗೈ ಚುಚ್ಚೋವರೆಗೂ ಬಿಡ್ತಾರೆ. ಯಾರಾದ್ರೂ ಕತ್ತರಿಸ್ಬೇಕಲ್ಲ.’